ಧಾರವಾಡ ಸೀಮೆಯಲ್ಲಿ ನೀರಿನ ಮಿತವ್ಯಯ

೧

ಅರಸರ ಗೆಲವು-ಸೋಲುಗಳನ್ನು ತಿಳಿಸುವದಕ್ಕೆ ಶಾಸನಗಳುಂಟು, ಬಖರುಗಳುಂಟು. ಆದರೆ ಒಂದು ಸೀಮೆಯ ಜನರು ತಮ್ಮ ಪಾಲಿಗೆ ಬಂದ ಮಳೆಯ ನೀರನ್ನು ಹೇಗೆ ಕೂಡಿಸಿಟ್ಟರು, ಹೇಗೆ ಹಂಚಿಕೊಂಡರು, ಎಲ್ಲಿ ಕೆಡಿಸಿಕೊಂಡರು ಎಂಬ ಕಥೆಯು ಬಹುಮಟ್ಟಿಗೆ ನೆಲದ ಮೇಲೆಯೇ ಬರೆದಿರುವದು. ಒಡೆದ ಏರಿ, ಹೂಳು ತುಂಬಿದ ಅಂಗಳ, ಬಾಯಿ ಮುಚ್ಚಿದ ತೂಬು, ಹಾಳುಬಿದ್ದ ಬಾವಿಯ ಮೆಟ್ಟಲು, ಇವೇ ಆ ಕಥೆಯ ಓಲೆಗಳು. ಧಾರವಾಡ ಸೀಮೆಯಲ್ಲಿ ಇಂಥ ಓಲೆಗಳು ಹೇರಳವಾಗಿರುವವು. ಓದುವವರು ಮಾತ್ರ ವಿರಳ.

ಕಲಘಟಗಿ ತಾಲೂಕಿನ ದೇವಿಕೊಪ್ಪವು ಈ ಕಥೆಯನ್ನು ಓದತೊಡಗುವದಕ್ಕೆ ತಕ್ಕ ಸ್ಥಳವು. ಕೊಪ್ಪವೆಂದರೆ ಚಿಕ್ಕ ಊರು. ದೇವಿಕೊಪ್ಪ, ಸೂರಶೆಟ್ಟಿಕೊಪ್ಪ, ಸಂಗೆದೇವರಕೊಪ್ಪ ಎಂದು ಈ ಸೆರಗಿನಲ್ಲಿ ಹೆಜ್ಜೆಗೊಂದು ಕೊಪ್ಪವಿರುವದನ್ನು ನೋಡಿದರೆ, ಅಡವಿಯ ಅಂಚಿನಲ್ಲಿ ನೆಲವನ್ನು ಹಸನು ಮಾಡಿ ಜನರು ಗುಂಪುಗುಂಪಾಗಿ ನೆಲೆಸಿದರೆಂಬದು ಹೊಳೆಯದಿರದು. ಇಲ್ಲಿ ಮಲೆನಾಡು ಮುಗಿಯುವದು, ಬಯಲುಸೀಮೆಯು ಇನ್ನೂ ಸರಿಯಾಗಿ ಮೊದಲಾಗಿರುವದಿಲ್ಲ. ಕಲಘಟಗಿಯ ಕಡೆಗೆ ವರ್ಷಕ್ಕೆ ೩೦ ಅಂಗುಲಕ್ಕಿಂತ ಮಿಕ್ಕಿ ಮಳೆಯಾಗುವದು. ಅದೇ ಜಿಲ್ಹೆಯ ಮೂಡಣ ತುದಿಯಾದ ನವಲಗುಂದಕ್ಕೆ ಹೋದರೆ ೨೫ ಅಂಗುಲ ಕಾಣುವದೂ ಕಷ್ಟ. ಒಂದೇ ದಿನದಲ್ಲಿ ಎತ್ತಿನ ಬಂಡಿಯು ದಾಟಿ ಹೋಗಬಹುದಾದಷ್ಟು ದೂರದಲ್ಲಿ ಭತ್ತದ ಗದ್ದೆಯು ಜೋಳದ ಹೊಲವಾಗಿ, ಕೆಮ್ಮಣ್ಣು ಎರೆಮಣ್ಣಾಗಿ ಮಾರ್ಪಡುವ ಸೀಮೆಯು ಕನ್ನಡ ನಾಡಿನಲ್ಲಿ ಬೇರೆ ಕಡೆಗೆ ಅಪರೂಪವೇ ಸರಿ.

ಈ ಸೀಮೆಗೆ ಇನ್ನೊಂದು ವೈಶಿಷ್ಟ್ಯವುಂಟು. ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆಯನ್ನು ಕೂಡಿಕೊಂಡು ಬೇಡ್ತಿ ಹೊಳೆಯು ಕಲಘಟಗಿ ಸೀಮೆಯ ಬಹುಭಾಗದ ನೀರನ್ನು ಯಲ್ಲಾಪುರದ ಕಡೆಗೆ ಒಯ್ದು, ಘಟ್ಟವನ್ನಿಳಿದು, ಗಂಗಾವಳಿಯೆಂಬ ಹೆಸರಿನಿಂದ ಅರಬ್ಬೀ ಸಮುದ್ರಕ್ಕೆ ಒಪ್ಪಿಸುವದು. ಹುಬ್ಬಳ್ಳಿಯ ಮೂಡಣ ಬಯಲಿನ ನೀರಾದರೋ ಬೆಣ್ಣಿಹಳ್ಳವನ್ನು ಸೇರಿ, ಮಲಪ್ರಭೆಗೆ ಬಿದ್ದು, ಕೃಷ್ಣೆಯೊಡನೆ ಬಂಗಾಲದ ಉಪಸಾಗರಕ್ಕೆ ಹೋಗುವದು. ಅಂದ ಮೇಲೆ ಒಂದೇ ಮೋಡದಿಂದ ಬಿದ್ದ ಎರಡು ಹನಿಗಳು ಈ ದಿಬ್ಬದ ಆಚೆ ಈಚೆ ಬಿದ್ದ ಮಾತ್ರಕ್ಕೆ ಎರಡು ಸಮುದ್ರಗಳ ಪಾಲಾಗುವವು. ಎರಡು ದಿಕ್ಕಿಗೂ ಹರಿದುಹೋಗುವ ನೀರನ್ನು ತಡೆದು ನಿಲ್ಲಿಸುವದೇ ಇಲ್ಲಿಯ ಒಕ್ಕಲುತನದ ಆದಿಯೂ ಅಂತ್ಯವೂ ಆಯಿತು.

೨

ಕೆರೆಯನ್ನು ಕಟ್ಟಿಸುವದು ಈ ನಾಡಿನಲ್ಲಿ ಅರಸನ ಮೊದಲನೆಯ ಕೀರ್ತಿ. ಬನವಾಸಿಯ ಕದಂಬರ ಕಾಕುಸ್ಥವರ್ಮನು ತಾಳಗುಂದದ ದೇವಾಲಯಕ್ಕೆ ದೊಡ್ಡ ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ಅಲ್ಲಿಯ ಸ್ತಂಭಶಾಸನವು ತಿಳಿಸುವದು. ಆ ವಂಶದ ಚರಿತ್ರೆಗೆಲ್ಲ ಆಧಾರವಾದ ಶಾಸನವು ಒಂದು ಕೆರೆಯ ನಿಮಿತ್ತದಿಂದ ಹುಟ್ಟಿತೆಂಬದು ನೆನಪಿಡತಕ್ಕ ಮಾತು. ತರುವಾಯದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಕೆರೆ, ತೂಬು, ಕೋಡಿ, ಕಾಲುವೆಗಳ ಮಾತು ಎಲ್ಲೆಲ್ಲಿಯೂ ಬರುವದು. ಅದಕ್ಕಿಂತಲೂ ಹೆಚ್ಚಿನದೆಂದರೆ ಕೆರೆಯ ಮುಂದಣ ಜೋಪಾನದ ಮಾತು. ಬಿತ್ತುವಟ್ಟವೆಂಬದು ಕೆರೆಯನ್ನು ಸುಸ್ಥಿತಿಯಲ್ಲಿಡುವದಕ್ಕೆಂದು ಬಿಟ್ಟ ಭೂಮಿ ಇಲ್ಲವೆ ಉತ್ಪನ್ನದ ಪಾಲು. ಕಟ್ಟುಕೊಡಗೆಯೆಂಬದು ಕೆರೆ ಕಟ್ಟಿದವನಿಗೆ ಕೊಟ್ಟ ಮಾನ್ಯ. ದಸವಂದವು ಹತ್ತರಲ್ಲೊಂದು ಪಾಲು. ಹೂಳನ್ನು ಹೇರುವ ಬಂಡಿಯ ವೆಚ್ಚಕ್ಕೂ ದತ್ತಿ ಬಿಟ್ಟದ್ದುಂಟು. ಒಮ್ಮೆ ಕಟ್ಟಿ ಕೈ ತೊಳೆದುಕೊಂಡರೆ ಕೆರೆಯು ಉಳಿಯದು, ವರ್ಷ ವರ್ಷವೂ ಅದಕ್ಕೆ ಅನ್ನ ಹಾಕಬೇಕು ಎಂಬದನ್ನು ಹಿಂದಿನವರು ಚೆನ್ನಾಗಿ ತಿಳಿದಿದ್ದರು.

ಕೆರೆಯ ಸುತ್ತಲಿನ ಭಯ-ಭಕ್ತಿಗಳನ್ನು ಜನಪದರೂ ಮರೆತಿಲ್ಲ. ಕಟ್ಟಿಸಿದ ಕೆರೆಗೆ ನೀರು ಬೀಳದಿರಲು ಮನೆಯ ಕಿರಿಯ ಸೊಸೆ ಭಾಗೀರಥಿಯನ್ನು ಆಹುತಿ ಕೊಟ್ಟ ‘ಕೆರೆಗೆ ಹಾರ’ದ ಕಥೆಯು ಇಂದಿಗೂ ಕೇಳುವವರ ಕಣ್ಣನ್ನು ತೇವಗೊಳಿಸುವದು. ಅದು ನಡೆದ ಸಂಗತಿಯೋ ಕಲ್ಪನೆಯೋ, ಆ ವಿಚಾರವು ಇಲ್ಲಿ ಬೇಡ. ನೀರಿಗಾಗಿ ಕೊಡುವ ಬೆಲೆಯು ಯಾವಾಗಲೂ ಮನೆಯಲ್ಲಿ ದನಿಯಿಲ್ಲದವರ ತಲೆಯ ಮೇಲೆಯೇ ಬೀಳುವದೆಂಬ ಸತ್ಯವನ್ನು ಆ ಹಾಡು ಕಟ್ಟಿದವರು ಅರಿತಿದ್ದರು.

ಪಡುವಲ ಕಲಘಟಗಿ ಸೀಮೆಯಲ್ಲಿ ಕೆರೆಗಳು ಚಿಕ್ಕವು, ಆದರೆ ಬಹಳ. ತಗ್ಗು-ದಿಣ್ಣೆಗಳ ನೆಲವಾದದ್ದರಿಂದ ಎರಡು ದಿಬ್ಬಗಳ ನಡುವೆ ಒಂದು ಏರಿಯನ್ನು ಹಾಕಿದರೆ ಸಾಕಾಗುವದು. ಭತ್ತವನ್ನು ಸಹ ಇಲ್ಲಿ ನೀರು ನಿಲ್ಲಿಸಿ ಸಸಿ ನೆಡುವ ಪದ್ಧತಿಯಿಂದ ಬೆಳೆಯದೆ, ಒಣನೆಲದಲ್ಲಿ ಕೂರಿಗೆಯಿಂದ ಬಿತ್ತುವದು ಹಳೆಯ ರೂಢಿ. ಮಳೆಯು ಬಲಿತ ಮೇಲೆ ಗದ್ದೆಯಲ್ಲಿ ನೀರು ತಾನಾಗಿಯೇ ನಿಲ್ಲುವದು. ಕಡೆಯ ಮಳೆಯು ಕೈ ಕೊಟ್ಟರೆ ಮಾತ್ರ ಕೆರೆಯ ತೂಬನ್ನು ತೆರೆಯುವದು. ಕೆರೆಯ ನೀರು ದಿನದ ಊಟವಲ್ಲ, ಆಪತ್ತಿನ ಗಂಟು ಎಂಬದು ಈ ಪದ್ಧತಿಯ ಮರ್ಮವು.

ಮೂಡಲ ಸೀಮೆಯ ಜಾಣತನವು ಬೇರೊಂದು ಬಗೆಯದು. ಅಣ್ಣಿಗೇರಿಯೇ ಮೊದಲಾದ ಊರುಗಳನ್ನೊಳಗೊಂಡ ಬೆಳ್ವೊಲ ಮುನ್ನೂರೆಂಬ ನಾಡು ಎರೆಹೊಲಗಳ ನಾಡು. ಅಲ್ಲಿ ಮಳೆಯೂ ಕಡಿಮೆ, ತಗ್ಗು-ದಿಣ್ಣೆಗಳೂ ಕಡಿಮೆ, ಬಾವಿ ತೋಡಿದರೆ ಬಹಳ ಕಡೆಗೆ ಸವುಳು ನೀರು. ಆದರೂ ಆ ನಾಡು ಚಾಲುಕ್ಯರ ಭಂಡಾರವನ್ನು ತುಂಬಿತು. ಅದು ಹೇಗೆಂದರೆ, ಆ ಜನರು ಹೊಲವನ್ನೇ ಕೆರೆಯನ್ನಾಗಿ ಮಾಡಿಕೊಂಡರು. ಎರೆಮಣ್ಣು ಮಳೆಯ ನೀರನ್ನು ಹೀರಿ ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುವದು. ಮುಂಗಾರಿಯಲ್ಲಿ ಹೊಲವನ್ನು ಹಸನು ಮಾಡಿ, ಪ್ರತಿಯೊಂದು ಮಳೆಯ ಹಿಂದೆ ಕುಂಟೆ ಹೊಡೆದು, ಮೇಲಣ ಮಣ್ಣನ್ನು ಸಡಿಲಾಗಿಟ್ಟು, ಬಿರುಕುಗಳನ್ನು ಮುಚ್ಚಿ, ಹಿಂಗಾರಿಯಲ್ಲಿ ಬಿಳಿಜೋಳ, ಗೋದಿ, ಕಡಲೆ, ಕುಸುಬಿಗಳನ್ನು ಬಿತ್ತುವದು. ಬಿತ್ತಿದ ಮೇಲೆ ಮಳೆಯು ಬಾರದಿದ್ದರೂ ನೆಲದ ಹಸಿಯ ಮೇಲೆಯೇ ಬೆಳೆಯು ಬರುವದು. ಕಾಳನ್ನು ಹಗೇವಿನಲ್ಲಿಟ್ಟು ಬರಗಾಲಕ್ಕೆ ಕಾಯ್ದಿಡುವ ಆ ಜನರು ನೀರನ್ನೂ ಮಣ್ಣಿನ ಹಗೇವಿನಲ್ಲಿ ಕಾಯ್ದಿಟ್ಟರು. ಕುಡಿಯುವದಕ್ಕೆ ಮಾತ್ರ ಕೆರೆ-ಬಾವಿಗಳು ಅವಶ್ಯವಾದವು. ಲಕ್ಕುಂಡಿಯ ಮಾಣಿಕೇಶ್ವರ ಗುಡಿಯ ಮುಂದಣ ಮುಸುಕಿನ ಬಾವಿಯನ್ನು ನೋಡಿದವರು, ಬಾವಿಯೊಂದಕ್ಕೆ ಗುಡಿಯಷ್ಟೇ ಕೆತ್ತನೆಯ ಕೆಲಸವನ್ನೇಕೆ ಮಾಡಿದರೆಂದು ಬೆರಗಾಗುವರು. ಸಿಹಿನೀರು ದುರ್ಲಭವಾದ ನಾಡಿನಲ್ಲಿ ಬಾವಿಯೂ ದೇವರ ಮನೆಯೇ ಎಂಬದು ತಿಳಿದರೆ ಬೆರಗು ತೀರುವದು.

೩

ವಿಜಯನಗರದ ಕಾಲಕ್ಕೆ ಕೆರೆಯ ವಿದ್ಯೆಯು ಶಾಸ್ತ್ರದ ರೂಪವನ್ನು ಪಡೆಯಿತು. ಮೊದಲನೆಯ ಬುಕ್ಕರಾಯನ ಮಗನಾದ ಭಾಸ್ಕರನು ಕಡಪೆಯ ಸೀಮೆಯ ಪೋರುಮಾಮಿಳ್ಳದಲ್ಲಿ ಕ್ರಿ. ಶ. ೧೩೬೯ರಲ್ಲಿ ಬರೆಯಿಸಿದ ಶಾಸನವು ಕೆರೆ ಕಟ್ಟುವದಕ್ಕೆ ಬೇಕಾದ ಹನ್ನೆರಡು ಸಾಧನಗಳನ್ನೂ ಬಿಡತಕ್ಕ ಆರು ದೋಷಗಳನ್ನೂ ಎಣಿಸಿ ಹೇಳಿರುವದು. ಆ ಕೆರೆಯ ಕೆಲಸಕ್ಕೆ ದಿನಕ್ಕೆ ಸಾವಿರ ಆಳುಗಳೂ ಕಲ್ಲು ಹೇರುವದಕ್ಕೆ ನೂರು ಬಂಡಿಗಳೂ ಹತ್ತಿ ಎರಡು ವರ್ಷಗಳು ಹಿಡಿದವಂತೆ. ಆರು ದೋಷಗಳೆಂದರೆ: ಏರಿಯಲ್ಲಿ ನೀರು ಒಸರುವದು, ನೆಲವು ಸವುಳಾಗಿರುವದು, ಕೆರೆಯು ಎರಡು ರಾಜ್ಯಗಳ ಗಡಿಯಲ್ಲಿರುವದು, ಅಂಗಳದ ನಡುವೆ ನೆಲವು ಆಮೆಯ ಬೆನ್ನಿನಂತೆ ಉಬ್ಬಿರುವದು, ನೀರು ಸ್ವಲ್ಪವಿದ್ದು ಅದನ್ನು ನೆಚ್ಚಿದ ನೆಲವು ವಿಸ್ತಾರವಾಗಿರುವದು, ನೆಲವು ಸ್ವಲ್ಪವಿದ್ದು ನೀರು ಮಿತಿಮೀರುವದು. ಆರುನೂರೈವತ್ತು ವರ್ಷಗಳ ಹಿಂದಿನ ಈ ಪಟ್ಟಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು. ಮುಂದಿನ ಕಥೆಯಲ್ಲಿ ಈ ದೋಷಗಳು ಒಂದೊಂದಾಗಿ ಮೈದೋರುವವು.

ಹಳೆಯ ಧಾರವಾಡ ಜಿಲ್ಹೆಗೆ ಸೇರಿದ್ದು ೧೯೯೭ರಿಂದ ಹಾವೇರಿ ಜಿಲ್ಹೆಗೆ ಸೇರಿರುವ ಹಿರೇಕೆರೂರ ಸೀಮೆಯಲ್ಲಿ, ಮಾಸೂರಿನ ಬಳಿ, ಕುಮುದ್ವತಿ ಹೊಳೆಗೆ ಅಡ್ಡವಾಗಿ ಕಟ್ಟಿದ ಮದಗದ ಕೆರೆಯು ಆ ಕಾಲದ ಸಾಹಸಕ್ಕೆ ಸಾಕ್ಷಿಯಾಗಿರುವದು. ಗುಡ್ಡಗಳ ನಡುವಣ ಕಂಡಿಯನ್ನು ಮುಚ್ಚಿದ ಅದರ ಏರಿಯು ಗಾತ್ರದಲ್ಲಿ ಚಿಕ್ಕ ಬೆಟ್ಟದಂತೆಯೇ ತೋರುವದು. ಆದರೆ ಅಂಥ ಕೆರೆಯೂ ಒಡೆಯಿತು. ಬಹುಕಾಲದ ತರುವಾಯ, ಇಂಗ್ಲಿಷರ ಆಳಿಕೆಯಲ್ಲಿ, ಅದೇ ಸ್ಥಳದಲ್ಲಿ ಅದಕ್ಕಿಂತ ಬಹು ಚಿಕ್ಕದಾದ ಕೆರೆಯನ್ನು ಸರಿಪಡಿಸಿ ಉಪಯೋಗಕ್ಕೆ ತಂದರು. ಕಟ್ಟಿದ ಕೈಗಳು ಹೋಗಿ ಕಾಯುವ ಕೈಗಳು ಇಲ್ಲದಾದರೆ ದೊಡ್ಡ ಕೆರೆಗೂ ಚಿಕ್ಕ ಕೆರೆಗೂ ಒಂದೇ ಗತಿ.

೪

ಮಳೆಯ ಲೆಕ್ಕವು ತಪ್ಪಿದ ವರ್ಷಗಳಲ್ಲಿ ಈ ಸೀಮೆಯು ಪಟ್ಟ ಪಾಡು ಹೇಳತೀರದು. ೧೭೯೧-೯೨ರ ಬರಕ್ಕೆ ಜನರು ‘ಡೋಗಿ ಬರ’ವೆಂದು ಹೆಸರಿಟ್ಟರು, ಸತ್ತವರನ್ನು ಸುಡುವವರೂ ಹೂಳುವವರೂ ಇಲ್ಲದೆ ನೆಲದ ಮೇಲೆ ತಲೆಬುರುಡೆಗಳು ಬಿದ್ದಿದ್ದವೆಂಬದು ಆ ಹೆಸರಿನ ತಾತ್ಪರ್ಯ. ೨೦೧೦ರಲ್ಲಿ ಅಣ್ಣಿಗೇರಿಯಲ್ಲಿ ನೆಲವನ್ನಗಿಯುವಾಗ ನೂರಾರು ತಲೆಬುರುಡೆಗಳು ಸಾಲುಸಾಲಾಗಿ ದೊರೆತಾಗ, ಅವು ಆ ಬರದಲ್ಲಿ ಸತ್ತವರವೆಂದು ಕೆಲವರೂ, ಯುದ್ಧದಲ್ಲಿ ಮಡಿದವರವೆಂದು ಕೆಲವರೂ ವಾದಿಸಿದರು. ವಾದವು ಹೇಗೇ ಇರಲಿ, ಬುರುಡೆಯನ್ನು ಕಂಡೊಡನೆ ಜನರ ನಾಲಗೆಗೆ ಬರದ ಹೆಸರೇ ಬಂದಿತು. ನೂರೆಂಟು ಅರಸರನ್ನು ಮರೆತ ನಾಡು ಒಂದು ಬರವನ್ನು ಮರೆಯಲಿಲ್ಲ.

೧೮೧೮ರಲ್ಲಿ ಪೇಶವೆಯವರ ರಾಜ್ಯವು ಮುಗಿದು ಧಾರವಾಡವು ಕಂಪನಿ ಸರಕಾರದ ಕೈ ಸೇರಿತು. ೧೮೪೦ರ ದಶಕದಲ್ಲಿ ವಿಂಗೇಟ ಸಾಹೇಬನ ಮೋಜಣಿಯಿಂದ ಹೊಲ ಹೊಲಕ್ಕೂ ಆಕಾರವು ಗೊತ್ತಾಗಿ, ಒಬ್ಬೊಬ್ಬ ರೈತನೂ ನೇರವಾಗಿ ಸರಕಾರಕ್ಕೆ ಹೊಣೆಯಾದನು. ಅದರಿಂದ ರೈತನಿಗೆ ಆದ ಸೌಕರ್ಯಗಳನ್ನು ಅಲ್ಲಗಳೆಯುವಂತಿಲ್ಲ. ಆದರೆ ಕೆರೆಯು ಒಬ್ಬ ರೈತನ ಸರ್ವೆ ನಂಬರಿನೊಳಗೆ ಹಿಡಿಸುವ ವಸ್ತುವಲ್ಲ. ಹೊಲವು ಒಬ್ಬನದು, ಕರವು ಒಬ್ಬನದು, ಕೆರೆಯು ಸರಕಾರದ್ದು ಎಂದಾದ ಮೇಲೆ, ಬೇಸಗೆಯಲ್ಲಿ ಊರೊಟ್ಟಾಗಿ ಹೂಳೆತ್ತಿ, ಆ ಗೋಡುಮಣ್ಣನ್ನು ಹೊಲಕ್ಕೆ ಹೇರುವ ರೂಢಿಯ ಬಿಗಿಯು ಸಡಿಲಾಯಿತು. ೧೮೭೯ರಲ್ಲಿ ಮುಂಬಯಿ ಸರಕಾರವು ನೀರಾವರಿಯ ಕಾಯದೆಯನ್ನು ಮಾಡಿ ಕಾಲುವೆಗಳ ಅಧಿಕಾರವನ್ನು ಅಧಿಕಾರಿಗಳ ಕೈಗೆ ಕೊಟ್ಟಿತು. ಊರಿನ ಕಟ್ಟುಪಾಡಿನ ಬದಲು ಕಚೇರಿಯ ಕಾಯದೆಯು ಬಂದಿತು. ಕಚೇರಿಯು ದೂರ, ಕೆರೆಯು ಹತ್ತಿರ.

ಆ ಕಾಯದೆಗೆ ಸ್ವಲ್ಪ ಮೊದಲು, ೧೮೭೬-೭೮ರಲ್ಲಿ, ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮವು ದಕ್ಷಿಣ ಹಿಂದುಸ್ಥಾನವನ್ನೆಲ್ಲ ಸುಟ್ಟುಹೋಯಿತು. ಧಾರವಾಡ ಜಿಲ್ಹೆಯ ಜನಸಂಖ್ಯೆಯು ೧೮೭೨ರ ಖಾನೇಸುಮಾರಿಗಿಂತ ೧೮೮೧ರದರಲ್ಲಿ ಸುಮಾರು ಒಂದು ಲಕ್ಷದಷ್ಟು ಕಡಿಮೆಯಾಗಿ ಕಂಡಿತು. ಹತ್ತಿಯನ್ನು ಮಾರಿ ಕಾಳು ಕೊಳ್ಳಬಹುದೆಂಬ ಧೈರ್ಯವು ಆ ವರ್ಷ ಯಾರನ್ನೂ ಕಾಯಲಿಲ್ಲ. ಮಾರುವದಕ್ಕೆ ಹತ್ತಿಯೂ ಇರಲಿಲ್ಲ, ಕೊಳ್ಳುವದಕ್ಕೆ ಕಾಳೂ ಇರಲಿಲ್ಲ. ತರುವಾಯ ರೇಲ್ವೆಯು ಬಂದು ಕಾಳನ್ನು ಸಾಗಿಸುವ ಅನುಕೂಲವಾಯಿತೆಂಬದು ನಿಜ. ಆದರೆ ರೇಲ್ವೆಯು ಕಾಳನ್ನು ತರಬಲ್ಲದೇ ಹೊರತು ಹೊಲದ ಹಸಿಯನ್ನು ತರಲಾರದು.

ಹೊಲದ ಹಸಿಯ ವಿಚಾರವು ಸರಕಾರದ ಕಣ್ಣಿಗೆ ಬೀಳುವದಕ್ಕೆ ಮತ್ತೆ ಅರ್ಧ ಶತಮಾನವು ಹಿಡಿಯಿತು. ೧೯೩೩ರಿಂದೀಚೆಗೆ ಸೊಲ್ಲಾಪುರ, ವಿಜಾಪುರ, ಹಗರಿ, ರಾಯಚೂರುಗಳಲ್ಲಿ ಒಣಬೇಸಾಯದ ಪ್ರಯೋಗಗಳು ನಡೆದವು. ಇಳಿಜಾರಿಗೆ ಅಡ್ಡವಾಗಿ ಒಡ್ಡು ಹಾಕಬೇಕು, ಬೀಜವನ್ನು ವಿರಳವಾಗಿ ಬಿತ್ತಬೇಕು, ಮೇಲಿಂದ ಮೇಲೆ ಎಡೆ ಹೊಡೆಯಬೇಕು ಎಂದು ಪಂಡಿತರು ಗೊತ್ತುಮಾಡಿದರು. ೧೯೪೨ರಲ್ಲಿ ಮುಂಬಯಿ ಸರಕಾರವು ಭೂಸುಧಾರಣೆಯ ಕಾಯದೆಯನ್ನು ಮಾಡಿ ಒಡ್ಡುಗಳ ಕೆಲಸವನ್ನು ಕೈಕೊಂಡಿತು. ಬೆಳ್ವೊಲದ ಮುದುಕರು ಇದನ್ನೆಲ್ಲ ಕೇಳಿ ಮುಗುಳ್ನಕ್ಕಿದ್ದರೆ ಆಶ್ಚರ್ಯವಿಲ್ಲ. ಅವರ ಕುಂಟೆಗೂ ಕೂರಿಗೆಗೂ ಆ ಪಾಠವು ಹಳೆಯದಾಗಿತ್ತು. ಆದರೂ ಊರಿಡೀ ಕೂಡಿ ಒಂದೇ ಇಳಿಜಾರನ್ನು ನೋಡಿ ಒಡ್ಡು ಹಾಕುವ ಕ್ರಮವು ಹೊಸದು. ಮೇಲಣ ಹೊಲದವನು ಒಡ್ಡು ಹಾಕದಿದ್ದರೆ ಕೆಳಗಣ ಹೊಲದವನ ಒಡ್ಡು ನಿಲ್ಲದೆಂಬ ಮಾತನ್ನು ಅದು ಕಲಿಸಿತು.

೫

ಸ್ವಾತಂತ್ರ್ಯವು ಬಂದ ಮೇಲೆ ದೊಡ್ಡ ಆಸೆಗಳ ಕಾಲವು ಮೊದಲಾಯಿತು. ಹುಬ್ಬಳ್ಳಿಯು ಬೆಳೆದಂತೆ ಅದಕ್ಕೆ ನೀರು ಸಾಲದಾಯಿತು. ೧೯೫೫ರಲ್ಲಿ ಕಲಘಟಗಿ ತಾಲೂಕಿನ ದುಮ್ಮವಾಡದ ಸೆರಗಿನಲ್ಲಿ ಬೇಡ್ತಿಯ ನೀರಿಗೆ ಕಟ್ಟೆ ಹಾಕಿ ನೀರಸಾಗರವನ್ನು ಮಾಡಿದರು. ಅರಬ್ಬೀ ಸಮುದ್ರಕ್ಕೆ ಹೋಗತಕ್ಕ ನೀರು ದಿಬ್ಬವನ್ನೇರಿ ಬಂದು ಮೂಡಲ ದಿಕ್ಕಿನ ಪಟ್ಟಣದ ನಳಗಳಲ್ಲಿ ಇಳಿಯಿತು. ಪಡುವಲ ನೀರನ್ನು ಮೂಡಲಿಗೆ ತಿರುಗಿಸುವ ಮಾತು ಈಚೆಗಿನ ವಾದಗಳಲ್ಲಿ ಹುಟ್ಟಿದ್ದೆಂದು ತಿಳಿದಿರುವವರು ಈ ಸಂಗತಿಯನ್ನು ನೆನೆಯತಕ್ಕದ್ದು. ಕಲಘಟಗಿಯ ಹಳ್ಳಿಗಳ ನೀರಿನಿಂದ ಹುಬ್ಬಳ್ಳಿಯು ದಾಹವನ್ನು ತೀರಿಸಿಕೊಂಡಿತು. ಆ ಋಣವನ್ನು ಪಟ್ಟಣವು ಹಳ್ಳಿಗಳಿಗೆ ಯಾವ ರೂಪದಿಂದ ತೀರಿಸಿತೆಂದು ಕೇಳಿದವರು ಸ್ವಲ್ಪ ಜನ. ಕೆಲವು ದಶಕಗಳ ಮೇಲೆ ೨೦೧೬-೧೭ರ ಬರದಲ್ಲಿ ನೀರಸಾಗರವೇ ತಳವನ್ನು ಕಂಡಿತು. ಮಳೆಯಿಲ್ಲದೆ ಸಾಗರವೆಂಬ ಹೆಸರು ನೀರನ್ನು ಕೊಡಲಾರದು.

ಮೂಡಲ ಸೀಮೆಯ ಆಸೆಯು ಮಲಪ್ರಭೆಯ ಮೇಲಿತ್ತು. ಸವದತ್ತಿಯ ಬಳಿ, ನವಿಲುತೀರ್ಥದ ಕಂಡಿಯಲ್ಲಿ ಕಟ್ಟಿದ ಅಣೆಕಟ್ಟು ೧೯೭೨ರಲ್ಲಿ ಮುಗಿಯಿತು. ರೇಣುಕಾಸಾಗರವೆನ್ನಿಸಿಕೊಂಡ ಆ ಜಲಾಶಯದಲ್ಲಿ ೩೭.೭೩ ಟಿ.ಎಮ್.ಸಿ. ನೀರು ಹಿಡಿಯುವದು, ಒಂದು ಟಿ.ಎಮ್.ಸಿ. ಎಂದರೆ ನೂರು ಕೋಟಿ ಘನ ಅಡಿ. ನವಲಗುಂದ, ನರಗುಂದಗಳ ಎರೆಯ ಬಯಲಿಗೆ ಬಲದಂಡೆಯ ಕಾಲುವೆಗಳು ಹರಿದವು. ಸಾವಿರ ವರ್ಷ ಮುಗಿಲನ್ನು ನೋಡಿ ಬಾಳಿದ ರೈತನು ಈಗ ಕಾಲುವೆಯ ಬಾಗಿಲನ್ನು ನೋಡತೊಡಗಿದನು.

ಇಲ್ಲಿಯೇ ಪೋರುಮಾಮಿಳ್ಳದ ಪಟ್ಟಿಯ ಒಂದು ದೋಷವು ತಲೆಯೆತ್ತಿತು: ನೀರು ಸ್ವಲ್ಪ, ನೆಚ್ಚಿದ ನೆಲವು ವಿಸ್ತಾರ. ಜಲಾಶಯವು ಅನೇಕ ವರ್ಷ ತುಂಬಲಿಲ್ಲ. ಕಾಲುವೆಯ ತಲೆಯ ಹೊಲಗಳವರು ನೀರನ್ನು ಬೇಕಾದಂತೆ ಹಾಯಿಸಿಕೊಂಡರು. ಬಾಲದ ಹೊಲಗಳಿಗೆ ನೀರು ಮುಟ್ಟಲಿಲ್ಲ. ಮುಟ್ಟದ ನೀರಿಗೂ ಅಭಿವೃದ್ಧಿಯ ಕರವನ್ನು ಕೇಳಿದಾಗ ರೈತರ ಸೈರಣೆಯು ಮುಗಿಯಿತು. ೧೯೮೦ನೆಯ ಜುಲೈ ೨೧ರಂದು ನವಲಗುಂದ-ನರಗುಂದಗಳಲ್ಲಿ ಬಂಡಾಯವೆದ್ದು, ಗೋಳೀಬಾರಾಗಿ, ರೈತರು ಪ್ರಾಣವನ್ನು ಬಿಟ್ಟರು. ಅದರ ಕಿಡಿಯು ನಾಡಿನಲ್ಲೆಲ್ಲ ಹಬ್ಬಿ, ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘವು ಹುಟ್ಟಿಕೊಂಡಿತು. ಅಂದಿನಿಂದ ಆ ದಿನವನ್ನು ರೈತರು ಹುತಾತ್ಮರ ದಿನವೆಂದು ಆಚರಿಸುತ್ತಿರುವರು. ನೀರು ಕಡಿಮೆಯಾದದ್ದಕ್ಕಿಂತ ನೀರಿನ ಹಂಚಿಕೆಯಲ್ಲಿ ನ್ಯಾಯವು ಕಡಿಮೆಯಾದದ್ದು ಹೆಚ್ಚಿನ ಅನರ್ಥಕ್ಕೆ ಕಾರಣವಾಗುವದೆಂಬದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಇನ್ನೆರಡು ದೋಷಗಳು ಸದ್ದಿಲ್ಲದೆ ಬಂದವು. ಎರೆಮಣ್ಣು ನೀರನ್ನು ಹಿಡಿದಿಡುವ ಮಣ್ಣು. ಅದಕ್ಕೆ ಮಿತಿಮೀರಿ ನೀರುಣಿಸಿದರೆ ನೀರು ಇಂಗಿ ಹೋಗಲಾರದು. ತಳದಲ್ಲಿದ್ದ ಉಪ್ಪು ನೀರಿನೊಡನೆ ಮೇಲೇರಿ ಬಂದು, ಬಿಸಿಲಿಗೆ ನೀರು ಆರಿಹೋಗಿ, ನೆಲದ ಮೇಲೆ ಬೆಳ್ಳಗೆ ಉಪ್ಪಿನ ಹೊದಿಕೆಯು ಉಳಿಯುವದು. ಹೀಗೆ ಕಾಲುವೆಯ ತಲೆಯ ಹೊಲಗಳಲ್ಲಿ ಸವಳು-ಜವಳಿನ ರೋಗವು ಕಾಣಿಸಿತು. ಬಾಲದ ರೈತನು ನೀರಿಲ್ಲದೆ ಕೆಟ್ಟನು, ತಲೆಯ ರೈತನು ನೀರು ಹೆಚ್ಚಾಗಿ ಕೆಟ್ಟನು. ಒಬ್ಬನಿಗೆ ಹೆಚ್ಚಾದ ನೀರನ್ನು ಇನ್ನೊಬ್ಬನಿಗೆ ಬಿಟ್ಟಿದ್ದರೆ ಇಬ್ಬರ ನೆಲವೂ ಉಳಿಯುತ್ತಿತ್ತು. ಮಿತವ್ಯಯವೂ ನ್ಯಾಯವೂ ಇಲ್ಲಿ ಎರಡು ಮಾತುಗಳಲ್ಲ.

ಎರಡು ರಾಜ್ಯಗಳ ಗಡಿಯೆಂಬ ದೋಷವು ಮಹಾದಾಯಿಯ ಪ್ರಕರಣದಲ್ಲಿ ಪ್ರತ್ಯಕ್ಷವಾಯಿತು. ಮಲಪ್ರಭೆಯು ತುಂಬದಿರಲು, ಪಡುವಲಿಗೆ ಹರಿಯುವ ಮಹಾದಾಯಿಯ ಕಳಸಾ-ಬಂಡೂರಿ ಹಳ್ಳಗಳ ನೀರನ್ನು ಅದಕ್ಕೆ ತಿರುಗಿಸುವ ಯೋಜನೆಯಾಯಿತು. ಗೋವೆಯು ಒಪ್ಪಲಿಲ್ಲ. ೨೦೧೦ರಲ್ಲಿ ನ್ಯಾಯಾಧಿಕರಣವು ನೇಮಕವಾಗಿ, ೨೦೧೮ನೆಯ ಆಗಸ್ಟ ೧೪ರಂದು ತೀರ್ಪನ್ನು ಕೊಟ್ಟಿತು. ಕರ್ನಾಟಕಕ್ಕೆ ದೊರೆತ ೧೩.೪೨ ಟಿ.ಎಮ್.ಸಿ.ಯಲ್ಲಿ ಮಲಪ್ರಭೆಯ ಕಡೆಗೆ ತಿರುಗಿಸತಕ್ಕದ್ದು ೩.೯ ಮಾತ್ರ; ಹೆಚ್ಚಿನ ಪಾಲು ವಿದ್ಯುತ್ತಿಗೆಂದು ಗೊತ್ತಾಯಿತು. ಅಷ್ಟರಲ್ಲಿ ನವಲಗುಂದ-ನರಗುಂದಗಳ ರೈತರು ೨೦೧೫ರಿಂದ ವರ್ಷಗಟ್ಟಲೆ ಚಪ್ಪರದ ಕೆಳಗೆ ಕುಳಿತು ನೀರಿಗಾಗಿ ಕೂಗಿದ್ದರು. ಆ ೩.೯ನ್ನು ರೇಣುಕಾಸಾಗರದ ೩೭.೭೩ರ ಪಕ್ಕದಲ್ಲಿಟ್ಟು ತೂಗಿ ನೋಡಿದರೆ, ಹೊರಗಿನಿಂದ ಬರತಕ್ಕ ನೀರು ಒಳಗಿನ ನೀರಿನ ಹತ್ತರಲ್ಲೊಂದು ಪಾಲಿನಷ್ಟೆಂಬದು ಗೊತ್ತಾಗುವದು. ಅದು ಬೇಡವೆಂದಲ್ಲ, ಬಂದರೂ ಉಳಿದ ಒಂಬತ್ತು ಪಾಲಿನ ಚಿಂತೆಯು ತಪ್ಪದೆಂದು ತಾತ್ಪರ್ಯ.

೬

ಇಷ್ಟೆಲ್ಲ ಆದರೂ ಹಳೆಯ ಬುದ್ಧಿಯು ನಾಡನ್ನು ಬಿಟ್ಟುಹೋಗಲಿಲ್ಲ. ನವಲಗುಂದದ ನೀಲಮ್ಮನ ಕೆರೆಯು ಅದಕ್ಕೆ ಮೊದಲನೆಯ ಸಾಕ್ಷಿ. ನೆಲದೊಳಗಿನ ನೀರು ಸವುಳಾದ ಆ ಊರಿನಲ್ಲಿ ಕುಡ್ಯುವದಕ್ಕೆ ಕೆರೆಯೇ ಗತಿ. ಕೆರೆಯ ದಂಡೆಗೆ ಹೋಗುವವರು ಪಾದರಕ್ಷೆಗಳನ್ನು ಹೊರಗೆ ಕಳಚಿಡುವರು. ಅಲ್ಲಿ ಅರಿವೆ ಒಗೆಯುವದಿಲ್ಲ, ದನಗಳ ಮೈ ತೊಳೆಯುವದಿಲ್ಲ. ಈ ಸೀಮೆಯ ಹಳ್ಳಿಗಳಲ್ಲಿ ಕುಡಿಯುವ ನೀರಿನ ಕೆರೆಗೆ ಇಂಥ ಕಟ್ಟುಪಾಡುಗಳು ಹಿಂದಿನಿಂದ ನಡೆದುಬಂದಿರುವವು. ಕಾಯದೆಯ ಕಲಮಿನಿಂದ ಆಗದ ಕೆಲಸವು ಹೀಗೆ ಕಾಲಿನ ಮೆಟ್ಟನ್ನು ಕಳಚುವ ಮರ್ಯಾದೆಯಿಂದ ಆಗಿರುವದು. ಮಲಪ್ರಭೆಯ ಕಾಲುವೆಯು ಬಂದ ಮೇಲೆ ಇಂಥ ಕೆರೆಗಳನ್ನು ಕಾಲುವೆಯ ನೀರಿನಿಂದ ತುಂಬಿಸಿಕೊಳ್ಳುವದು ರೂಢಿಯಾಯಿತು. ಕಾಲುವೆಯು ಎಂದೋ ಒಮ್ಮೆ ಹರಿಯುವದು. ಹರಿದಾಗ ಬಂದದ್ದನ್ನು ಹರಿಯದ ತಿಂಗಳುಗಳಿಗೆ ಕಾಯ್ದಿಡುವ ಕೆಲಸವು ಕೆರೆಯ ಪಾಲಿಗೆ ಉಳಿಯಿತು. ಹೊಸ ಕಾಲುವೆಯು ಹಳೆಯ ಕೆರೆಯನ್ನು ಬೇಡವೆನ್ನಿಸಲಿಲ್ಲ, ಇನ್ನಷ್ಟು ಅವಶ್ಯವೆನ್ನಿಸಿತು.

ಎರಡನೆಯ ಸಾಕ್ಷಿಯು ದೇವಿಕೊಪ್ಪವಿರುವ ಕಲಘಟಗಿ ತಾಲೂಕಿನದೇ. ಅಲ್ಲಿ ಕೂರಿಗೆ ಭತ್ತದ ಜಾಗವನ್ನು ಗೋವಿನಜೋಳವೂ ಕಬ್ಬೂ ಆಕ್ರಮಿಸುತ್ತ ಬಂದವು. ಕಬ್ಬಿನ ಹಿಂದೆ ಕೊಳವೆಬಾವಿಯು ಬಂದಿತು. ಕೆರೆಯು ವರ್ಷದ ಗಳಿಕೆಯನ್ನು ವೆಚ್ಚ ಮಾಡುವ ಸಾಧನ. ಕೊಳವೆಬಾವಿಯು ಹಿರಿಯರ ಗಂಟನ್ನು ಬಿಚ್ಚುವ ಸಾಧನ. ಒಬ್ಬನು ಆಳಕ್ಕೆ ಕೊರೆದರೆ ನೆರೆಯವನ ಬಾವಿಯು ಬತ್ತುವದು, ನೆರೆಯವನು ಇನ್ನೂ ಆಳಕ್ಕೆ ಕೊರೆಯಿಸುವನು. ಈ ಪೈಪೋಟಿಯಲ್ಲಿ ಕೊನೆಗೆ ಗೆಲ್ಲುವವನು ಸಾಲ ಕೊಟ್ಟವನೊಬ್ಬನೇ. ಈ ಹಾದಿಗೆ ಬದಲಾಗಿ, ೧೯೯೦ರ ದಶಕದ ಕೊನೆಯ ವರ್ಷಗಳಲ್ಲಿ ಸೂರಶೆಟ್ಟಿಕೊಪ್ಪ ಮೊದಲಾದ ಹಳ್ಳಿಗಳ ರೈತರು ಬಾಯ್ಫ್ ಎಂಬ ಸಂಸ್ಥೆಯ ನೆರವಿನಿಂದ ಹೊಲ ಹೊಲದಲ್ಲಿ ಹೊಂಡಗಳನ್ನು ತೋಡಿಕೊಂಡರು. ಇಳಿಜಾರಿಗೆ ಅಡ್ಡವಾಗಿ ಉದಿ ತೆಗೆದು, ಆ ಮಣ್ಣಿನಿಂದಲೇ ಬದು ಹಾಕಿ, ಬದುವಿನ ಮೇಲೆ ಗಿಡಗಳನ್ನು ಹಚ್ಚಿದರು. ಮೇಲಣ ಹೊಂಡವು ತುಂಬಿ ಹರಿದ ನೀರು ಕೆಳಗಣ ಹೊಂಡಕ್ಕೆ ಬರುವಂತೆ ಸಾಲಾಗಿ ಮಾಡಿದ್ದರಿಂದ, ಓಡುವ ನೀರು ನಡೆಯತೊಡಗಿತು, ನಡೆಯುವ ನೀರು ನಿಂತಿತು, ನಿಂತ ನೀರು ಇಂಗಿತು. ಕೆಮ್ಮಣ್ಣಿನ ಹೊಂಡದಲ್ಲಿ ನೀರು ಬಹುಕಾಲ ನಿಲ್ಲದು. ಆದರೆ ಇಂಗಿದ ನೀರು ಕೆಳಗಣ ಹೊಲದ ಹಸಿಯಾಗಿ, ಬಾವಿಯ ಸೆಲೆಯಾಗಿ ತಿರುಗಿ ಬರುವದು.

೨೦೦೧ರ ಸುಮಾರಿಗೆ ಮೊದಲಾದ ಸುಜಲ ಜಲಾನಯನ ಯೋಜನೆಯು ಧಾರವಾಡ ಜಿಲ್ಹೆಯನ್ನೂ ಒಳಗೊಂಡಿತು. ೨೦೧೪ರಲ್ಲಿ ಸರಕಾರವು ಕೃಷಿಭಾಗ್ಯವೆಂಬ ಯೋಜನೆಯಿಂದ ಕೃಷಿಹೊಂಡಗಳಿಗೆ ಸಹಾಯಧನವನ್ನು ಕೊಡಲಾರಂಭಿಸಿತು. ನವಲಗುಂದ, ಅಣ್ಣಿಗೇರಿಗಳ ಎರೆಹೊಲಗಳಲ್ಲಿಯೂ ದೊಡ್ಡ ದೊಡ್ಡ ಹೊಂಡಗಳು ಹುಟ್ಟಿದವು. ಎರೆಮಣ್ಣಿನ ಹೊಂಡವು ನೀರನ್ನು ಹಿಡಿದಿಡುವದು. ಹಿಂಗಾರಿಯ ಬೆಳೆಯು ತೆನೆಗೆ ಬರುವ ಹೊತ್ತಿಗೆ ಒಂದು ನೀರು ಕೊಟ್ಟರೆ, ಹೋಗತಕ್ಕ ಬೆಳೆಯು ಉಳಿಯುವದು. ಕೆರೆಯ ತೂಬನ್ನು ಆಪತ್ಕಾಲಕ್ಕೆ ಮಾತ್ರ ತೆರೆಯುತ್ತಿದ್ದ ಹಿಂದಿನವರ ಮರ್ಮವೇ ಇಲ್ಲಿ ಮರಳಿ ಬಂದಿರುವದು. ಆದರೆ ಅದೇ ಹೊಂಡಕ್ಕೆ ಕೊಳವೆಬಾವಿಯ ನೀರನ್ನು ಎತ್ತಿ ತುಂಬಿಸಿ ಕಬ್ಬಿಗೆ ಹಾಯಿಸಿದರೆ, ಹೆಸರು ಉಳಿದು ತತ್ವವು ಹೋಗುವದು. ಸಾಧನವು ಒಳ್ಳೆಯದೋ ಕೆಟ್ಟದೋ ಎಂಬದು ಅದರ ಆಕಾರದಿಂದ ಗೊತ್ತಾಗುವದಿಲ್ಲ, ಅದನ್ನು ಬಳಸುವ ಕಟ್ಟುಪಾಡಿನಿಂದ ಗೊತ್ತಾಗುವದು.

೭

ಈ ಕಥೆಯ ಎಳೆಗಳನ್ನು ಕೂಡಿಸಿ ನೋಡಿದರೆ ಒಂದು ಸಂಗತಿಯು ಸ್ಪಷ್ಟವಾಗುವದು. ಧಾರವಾಡ ಸೀಮೆಗೆ ನೀರು ಎಂದೂ ಹೇರಳವಾಗಿರಲಿಲ್ಲ. ಚಾಲುಕ್ಯರ ಕಾಲದಲ್ಲಿಯೂ ಮಳೆಯ ಮುಗಿಲು ಬೆಳ್ವೊಲದ ಮೇಲೆ ಇದಕ್ಕಿಂತ ಬಹಳ ಧಾರಾಳವಾಗಿತ್ತೆಂದು ನಂಬುವದಕ್ಕೆ ಆಧಾರವಿಲ್ಲ. ಆಗ ಇದ್ದದ್ದು ಕೊರತೆಯ ತಿಳಿವಳಿಕೆ. ಪ್ರತಿಯೊಂದು ಹೊಸ ಜಲಮೂಲವು, ಅದು ಅಣೆಕಟ್ಟಾಗಲಿ, ಕೊಳವೆಬಾವಿಯಾಗಲಿ, ದೂರದ ಹೊಳೆಯಾಗಲಿ, ಕೊರತೆಯು ಮುಗಿಯಿತೆಂಬ ಭ್ರಮೆಯನ್ನು ತಂದಿತು. ಭ್ರಮೆಯೊಡನೆ ಹಳೆಯ ಬಿಗಿಯು ಹೋಯಿತು. ಹೊಸ ಮೂಲವು ಕೈಕೊಟ್ಟಾಗ ಮೊದಲಿಗಿಂತ ಹೆಚ್ಚಿನ ಕಷ್ಟವು ಬಂದಿತು. ಅಣೆಕಟ್ಟು ಬೇಡ, ಕಾಲುವೆ ಬೇಡವೆನ್ನುವದು ಇತಿಹಾಸದ ಪಾಠವಲ್ಲ. ಮಲಪ್ರಭೆಯ ನೀರಿಲ್ಲದಿದ್ದರೆ ಇಂದು ಹುಬ್ಬಳ್ಳಿ-ಧಾರವಾಡಗಳು ಉಸಿರಾಡಲಾರವು. ಬಿತ್ತುವಟ್ಟವಿಲ್ಲದೆ ಕೆರೆ ಕಟ್ಟಬಾರದೆಂಬದೇ ಆ ಪಾಠ. ನೀರನ್ನು ತರುವದಕ್ಕೆ ವೆಚ್ಚ ಮಾಡಿದಷ್ಟೇ ಆಸ್ಥೆಯಿಂದ ಅದನ್ನು ಕಾಯುವ, ಅಳೆಯುವ, ಹಂಚುವ ಏರ್ಪಾಡನ್ನೂ ಮೊದಲೇ ಮಾಡತಕ್ಕದ್ದು.

೨೦೧೪ರಲ್ಲಿ ಕರ್ನಾಟಕವು ಕೆರೆಗಳ ಸಂರಕ್ಷಣೆಗೆಂದೇ ಒಂದು ಕಾಯದೆಯನ್ನು ಮಾಡಿತು. ಅಂತರ್ಜಲಕ್ಕೆ ೨೦೧೧ರ ಕಾಯದೆಯುಂಟು. ಕಾಗದದ ಮೇಲೆ ಕೊರತೆಯಿಲ್ಲ. ಆದರೆ ಕೆರೆಗೆ ಬರತಕ್ಕ ಹಳ್ಳವನ್ನು ಹೂಳಿ ಹೊಲವನ್ನು ಚಾಚಿಕೊಂಡವನನ್ನು ಕಾಯದೆಯು ಕಾಣುವದಕ್ಕೆ ಮೊದಲು ಊರು ಕಾಣುವದು. ಊರು ಕಂಡೂ ಕಾಣದಂತಿದ್ದರೆ ಕಾಯದೆಯ ಕಣ್ಣೂ ಮಂಜಾಗುವದು.

ದೇವಿಕೊಪ್ಪದ ಸೀಮೆಯಲ್ಲಿ ಮುಂಗಾರಿಯ ಮೊದಲನೆಯ ಮಳೆಯು ಬಿದ್ದಾಗ ಆ ನೀರು ಬೇಡ್ತಿಯ ಹಾದಿ ಹಿಡಿದು ಸಮುದ್ರಕ್ಕೆ ಹೋಗತಕ್ಕದ್ದೇ. ಅದು ನೀರಿನ ಧರ್ಮ. ಹೋಗುವ ಹಾದಿಯಲ್ಲಿ ಒಂದು ಬದುವಿನ ಹಿಂದೆ ನಾಲ್ಕು ದಿನ ತಡೆದು, ಒಂದು ಹೊಂಡದಲ್ಲಿ ನಾಲ್ಕು ವಾರ ತಂಗಿ, ಒಂದು ಕೆರೆಯಲ್ಲಿ ನಾಲ್ಕು ತಿಂಗಳು ಇದ್ದು ಹೋಗುವಂತೆ ಮಾಡುವದು ಮನುಷ್ಯರ ಧರ್ಮ. ಕದಂಬರ ಕಾಲದ ಕೆರೆಗೂ ಸೂರಶೆಟ್ಟಿಕೊಪ್ಪದ ಹೊಂಡಕ್ಕೂ ನಡುವೆ ಒಂದೂವರೆ ಸಾವಿರ ವರ್ಷಗಳು ಕಳೆದಿರುವವು. ಗುದ್ದಲಿಯ ಕೆಲಸವು ಮಾತ್ರ ಒಂದೇ. ನವಲಗುಂದದಲ್ಲಿ ಮೆಟ್ಟನ್ನು ಕಳಚಿಟ್ಟು ಕೆರೆಗಿಳಿಯುವ ಹೆಣ್ಣುಮಗಳ ತುಂಬಿದ ಕೊಡವು, ಈ ಸೀಮೆಯ ನೀರಿನ ಇತಿಹಾಸದಲ್ಲಿ ಯಾವ ಅರಸನ ಶಾಸನಕ್ಕಿಂತಲೂ ಕಡಿಮೆಯ ದಾಖಲೆಯಲ್ಲ.